ಮೂರು ಮರಳು ಬೈಕುಗಳನ್ನು ಓಡಿಸಿ ನೋಡಿದ್ದು

ಮಸ್ಕತ್ತಿನ ಘಾಲಾದಲ್ಲಿರುವ ನಮ್ಮ ಗ್ಯಾರೇಜಿನ ಅಂಗಳಕ್ಕೆ ಒಂದು ಮಂಗಳವಾರ ಮೂರು ಹೊಸ ಮರಳು ಬೈಕುಗಳು ಬಂದಿಳಿದವು. ನಾಲ್ಕು ದಪ್ಪ ಚಕ್ರ, ನಡುವೆ ಕುದುರೆ ಬೆನ್ನಿನಂಥ ಸೀಟು, ಹಿಡಿಯಲು ಬೈಕಿನ ಹ್ಯಾಂಡಲ್ಲು. ಒಂದು ಜಪಾನಿನದು, ಒಂದು ಅಮೆರಿಕದ್ದು, ಒಂದು ತೈವಾನಿನದು. ಒಂದು ವಾರ ಓಡಿಸಿ ನೋಡಿ, ಬೇಕಾದದ್ದು ಇಟ್ಟುಕೊಳ್ಳಿ ಅಂತ ಶೋರೂಮಿನವರು ಕೊಟ್ಟಿದ್ದರು. ಒಳ್ಳೆಯ ಕಾಲದಲ್ಲಾದರೆ ಹೊಸ ಗಾಡಿಯ ಮೇಲೆ ಕೈ ಇಡಲೂ ಬಿಡದ ಜನ. ಎಣ್ಣೆಯ ಬೆಲೆ ಬಿದ್ದ ವರ್ಷಗಳವು, ಅವರೂ ಮೆತ್ತಗಾಗಿದ್ದರು.

ನಾವು ರಿಪೇರಿ ಮಾಡುತ್ತಿದ್ದದ್ದು ಎಣ್ಣೆ ಕಂಪನಿಗಳಿಗೆ ಸಾಮಾನು ಸಾಗಿಸುವ ಲಾರಿಗಳನ್ನು. ಲಾರಿಗಳು ನಿಂತವು, ಗ್ಯಾರೇಜೂ ನಿಂತ ಹಾಗಾಯಿತು. ಒಬ್ಬೊಬ್ಬರೇ ಊರಿಗೆ ಹೋಗಿ ಕೊನೆಗೆ ಉಳಿದದ್ದು ಮೆಕ್ಯಾನಿಕ್ ಅಂತ ನಾನು, ಪಿಕಪ್ ಓಡಿಸಲು ಬಂಟ್ವಾಳ ಕಡೆಯ ಒಬ್ಬ ಬ್ಯಾರಿ ಡ್ರೈವರ್. ಮಾಲೀಕರನ್ನು ಅಲ್ಲಿ ಅರ್ಬಾಬ್ ಅನ್ನುತ್ತಾರೆ. ನಮ್ಮ ಅರ್ಬಾಬಿಗೆ ಇಬ್ರಾ ಊರಿನಿಂದ ಆಚೆ ಮರಳುಗುಡ್ಡಗಳ ಬುಡದಲ್ಲಿ ಸ್ವಲ್ಪ ಜಾಗ ಇತ್ತು. ದುಡ್ಡು ಬಿಗಿಯಾದ ಮೇಲೆ ಜನ ದುಬೈಗೆ ಹೋಗುವುದು ಬಿಟ್ಟು ಚಾಪೆ, ಅನ್ನದ ಪಾತ್ರೆ ಹಿಡಿದುಕೊಂಡು ಮರಳಿಗೆ ಬರುತ್ತಿದ್ದರು. ಅವರಿಗೆ ಶುಕ್ರವಾರ, ಶನಿವಾರ ಬೈಕು ಬಾಡಿಗೆಗೆ ಕೊಡುವುದು, ವಾರದ ನಡುವೆ ಘಾಲಾಕ್ಕೆ ತಂದು ಸರಿಮಾಡುವುದು, ಇದು ಅರ್ಬಾಬರ ಲೆಕ್ಕಾಚಾರ.

"ಉಸ್ತಾದ್," ಅಂದರು ನನಗೆ. ಅವರದು ಅರಬಿ ಬೆರೆತ ಹಿಂದಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ಗಾಡಿ ಮನಸ್ಸಿಗೆ ಬಂದರೆ ಆರು ತೆಗೆದುಕೊಳ್ಳುತ್ತೇನೆ, ನೀನು ಇಲ್ಲಿ ಇರುವ ಕಾರ್ಡು ಹೊಸದು ಮಾಡಿಸುತ್ತೇನೆ. ಬರದಿದ್ದರೆ ಖಲಾಸ್. ಗ್ಯಾರೇಜಿಗೆ ಬೀಗ, ನಿನಗೆ ಟಿಕೆಟು."

ನಾಲ್ಕು ವರ್ಷ ಮೊದಲು ಆ ಮಾತು ಹೇಳಿದ್ದರೆ ನಾನು ಅವರ ಕೈ ಕುಲುಕಿ ಪೆಟ್ಟಿಗೆ ಕಟ್ಟುತ್ತಿದ್ದೆ. ಮಲ್ಪೆಯಲ್ಲಿ ಬೋಟಿನ ಇಂಜಿನು ಬಿಚ್ಚುತ್ತಿದ್ದವನು ಮಸ್ಕತ್ತಿಗೆ ಬಂದು ಇಪ್ಪತ್ತಾರು ವರ್ಷ ಆಗಿತ್ತು. ನನ್ನ ಇಬ್ಬರು ಮಕ್ಕಳು ನಡೆಯಲು ಕಲಿತದ್ದನ್ನು ನಾನು ನೋಡಲಿಲ್ಲ. ಹಲ್ಲು ಬಿದ್ದದ್ದು, ಶಾಲೆಗೆ ಸೇರಿದ್ದು, ಎಲ್ಲ ಕಾಗದದಲ್ಲಿ ಬಂತು, ಆ ಕಾಗದವನ್ನೂ ಬೇರೆಯವರ ಹತ್ತಿರ ಓದಿಸುತ್ತಿದ್ದೆ. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವನು. ಆಮೇಲೆ ಮಗಳ ಗಂಡನಿಗೆ ಅಲ್ಲೇ ಹತ್ತಿರ ರುಸೈಲಿನ ಒಂದು ಕಾರ್ಖಾನೆಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿತು, ಅವಳು ಮಗು ಎತ್ತಿಕೊಂಡು ಬಂದಳು. "ಅಪ್ಪ, ಆ ಲೇಬರ್ ಕ್ಯಾಂಪಿನ ಮಂಚ ಸಾಕು, ನಮ್ಮ ಮನೆಗೇ ಬನ್ನಿ" ಅಂದಳು. ಬಂದೆ. ಮೊದಲ ದಿನವೇ ಆ ಮೂರು ವರ್ಷದ ಮಗು ನನ್ನ ಬಟ್ಟಲಿನಿಂದ ಒಂದು ತುತ್ತು ಎತ್ತಿ ನನ್ನ ಬಾಯಿಗೇ ಇಟ್ಟಿತು. ಐವತ್ತೇಳು ವರ್ಷಕ್ಕೆ ನನಗೆ ಅಷ್ಟು ಸಂತೋಷ ಎಲ್ಲಿಂದ ಬಂತೋ! ಆಮೇಲೆ ಆ ಮೊಮ್ಮಗಳ ಮುಂದಿನ ಹಲ್ಲು ಬಿದ್ದಾಗ ನನ್ನ ಅಂಗೈಯಲ್ಲೇ ಬಿತ್ತು. ಇದನ್ನೆಲ್ಲ ಬಿಟ್ಟು ಟಿಕೆಟು ತೆಗೆದುಕೊಳ್ಳುವುದು ಅಂದರೆ?

ಆದ್ದರಿಂದ ಆ ಬೈಕುಗಳು ಒಳ್ಳೆಯವಾಗಿ ಕಾಣಲೇಬೇಕಿತ್ತು.

ಸಂಜೆ ಶೋರೂಮಿನ ಮೂರು ಬಣ್ಣದ ಪುಸ್ತಕಗಳನ್ನು ಮನೆಗೆ ತಂದೆ. ಮಗಳು ಚಪಾತಿ ಲಟ್ಟಿಸುತ್ತ ಓದಿ ಹೇಳಿದಳು, ಮೊಮ್ಮಗಳು ಮೇಜಿನ ಮೇಲೆ ಕೂತು ಪುಟ ತಿರುಗಿಸಿದಳು.

"ತೈವಾನಿನದು ಮುನ್ನೂರು ಸಿಸಿ ಅಪ್ಪ, ಸಾವಿರದ ಐನೂರು ರಿಯಾಲ್. ಜಪಾನಿಂದು ನಾನೂರ ಇಪ್ಪತ್ತು ಸಿಸಿ, ಎರಡು ಸಾವಿರದ ಆರುನೂರು. ಅಮೆರಿಕದ್ದು ಐನೂರ ಎಪ್ಪತ್ತು ಸಿಸಿ, ಮೂರು ಸಾವಿರದ ಮೇಲೆ ಉಂಟು ಮಾರಾಯ್ರೆ! ಅದಕ್ಕೆ ನಮ್ಮ ಕಾರಿಗಿಂತ ಒಳ್ಳೆ ಸ್ಪ್ರಿಂಗ್ ಉಂಟಂತೆ."

"ನಿನ್ನ ಗಂಡನ ಕಾರಿಗೆ ಸ್ಪ್ರಿಂಗೇ ಇಲ್ಲ," ಅಂದೆ.

"ಅಜ್ಜ, ವಾಟ್ ಈಸ್ ಟಾರ್ಕ್?" ಅಂದಳು ಮೊಮ್ಮಗಳು. ಅವಳಿಗಾಗ ಏಳು. ಓದಲು ಕಲಿತ ಹೊಸತು, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು.

"ನೀನು ಬೆಳಿಗ್ಗೆ ಏಳುವುದಿಲ್ಲ ಅಂತ ಮಲಗಿರ್ತೀಯಲ್ಲ, ಆಗ ಅಮ್ಮ ಒಂದೇ ಸಲ ಎತ್ತಿ ನಿಲ್ಲಿಸ್ತಾಳೆ. ಅದು ಟಾರ್ಕು. ಆಮೇಲೆ ಸ್ಕೂಲ್ ಬಸ್ಸಿಗೆ ಓಡ್ತೀಯಲ್ಲ, ಅದು ಸ್ಪೀಡು."

"ದೆನ್ ಅಮ್ಮ ಹ್ಯಾಸ್ ಟೂ ಮಚ್ ಟಾರ್ಕ್," ಅಂದಿತು ಮಗು. ನಾನು ನಕ್ಕು ನಕ್ಕು ಕೆಮ್ಮಿದೆ. ಮಗಳು ಲಟ್ಟಣಿಗೆ ತೋರಿಸಿದಳು.

ಬುಧವಾರ ಮೂರು ಇಂಜಿನುಗಳನ್ನೂ ಶುರುಮಾಡಿ ಕಿವಿಯಿಟ್ಟು ಕೇಳಿದೆ. ನನಗೆ ಪುಸ್ತಕಕ್ಕಿಂತ ಅದು ಸುಲಭ. ಅಮೆರಿಕದ್ದು ಎದೆಗೆ ಗುದ್ದುವ ಹಾಗೆ ಗುಡುಗುತ್ತಿತ್ತು, ಆಕ್ಸಿಲರೇಟರು ಮುಟ್ಟುವ ಮೊದಲೇ ಹೊರಡಲು ನೋಡುತ್ತಿತ್ತು. ತೈವಾನಿನದು ಹೊಲಿಗೆ ಮೆಷಿನಿನ ಹಾಗೆ, ಸಣ್ಣ ಸ್ವರ. ಅವೆರಡಕ್ಕೂ ಬೆಲ್ಟಿನ ಮೇಲೆ ಓಟ. ಜಪಾನಿನದಕ್ಕೆ ಗೇರು, ಬೆಲ್ಟಿನ ಬದಲು ಕಬ್ಬಿಣದ ಶಾಫ್ಟು. ಅದರ ಸದ್ದು ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುವ ಹಾಗೆ, ಒಂದೇ ಸಮ, ಅವಸರವಿಲ್ಲದ್ದು.

ಆಮೇಲೆ ಟಯರಿಗೆ ಹೆಬ್ಬೆರಳು ಒತ್ತಿದೆ. ಹಲಸಿನ ಹಣ್ಣಿನ ಹಾಗೆ ಒಳಗೆ ಹೋಯಿತು! ಗಾಳಿ ಅಳೆಯುವ ಗೇಜು ಹಿಡಿದರೆ ಮುಳ್ಳು ಅಲುಗಲೇ ಇಲ್ಲ.

"ನೋಡು ಇವರ ಶೋರೂಮು," ಅಂದೆ ಡ್ರೈವರಿಗೆ. "ಮೂರು ಸಾವಿರ ಕೇಳ್ತಾರೆ, ಗಾಳಿ ಸಹ ಹಾಕಲಿಲ್ಲ."

"ಗಾಳಿಗೆ ಬೇರೆ ಬಿಲ್ಲು ಕೊಡ್ತಾರೆ ಅಣ್ಣ," ಅಂದ ಅವನು.

ರಸ್ತೆಗೆ ಮೂವತ್ತೈದು ಪಾಯಿಂಟು ಗಾಳಿ ಹಾಕುವ ಕಾರಿಗೆ ಮರಳಿಗೆ ಇಳಿಯುವ ಮುಂಚೆ ಹದಿನೆಂಟಕ್ಕೆ ಇಳಿಸುತ್ತೇವೆ. ಮೆತ್ತಗಿನ ಟಯರು ಮರಳಲ್ಲಿ ಹುಗಿಯುವುದಿಲ್ಲ, ಅದು ಅಲ್ಲಿ ಹಾಲು ಮಾರುವವನಿಗೂ ಗೊತ್ತು. ನಾನು ಬುದ್ಧಿವಂತ ಅಲ್ಲವೇ, ಹನ್ನೆರಡು ಟಯರಿಗೂ ಸರಿಯಾಗಿ ಹದಿನೆಂಟು ತುಂಬಿಸಿದೆ. ಟಯರು ಗಟ್ಟಿಯಾಗಿ, ಚಂದವಾಗಿ ಉಬ್ಬಿ ನಿಂತಿತು. ಒರೆಸಿ ಹೊಳಪು ಬರಿಸಿದೆ.

ಶುಕ್ರವಾರ ಬೆಳಕು ಹರಿಯುವಾಗ ಹೊರಟೆವು. ಪಿಕಪ್ಪಿನ ಹಿಂದೆ ಟ್ರೇಲರಿನಲ್ಲಿ ಮೂರು ಬೈಕು, ಮುಂದೆ ಡ್ರೈವರ್, ನಾನು, ನಡುವೆ ಮೊಮ್ಮಗಳು. ನಾನೂ ಬರ್ತೇನೆ ಅಂತ ಎರಡು ದಿನ ಹಟ ಮಾಡಿದ್ದಳು. ಮಗಳು ನೀರುದೋಸೆ ಕಟ್ಟಿ ಕೊಟ್ಟಿದ್ದಳು, ಇಬ್ರಾ ದಾಟುವುದರೊಳಗೆ ಡಬ್ಬಿ ಖಾಲಿ, ಅರ್ಧ ಡ್ರೈವರನ ಹೊಟ್ಟೆಗೆ. ಅರ್ಬಾಬ್ ನಮಗಿಂತ ಮೊದಲೇ ಬಂದು ತಮ್ಮ ಜಾಗದ ಶೆಡ್ಡಿನ ನೆರಳಲ್ಲಿ ಖಾವಾ ಕಾಫಿ ಕುಡಿಯುತ್ತಿದ್ದರು.

ಮೊದಲು ಅಮೆರಿಕದ್ದನ್ನು ಹತ್ತಿದರು. ಅರವತ್ತು ದಾಟಿದ ಮನುಷ್ಯ, ಒಳ್ಳೆಯ ಸವಾರ. ಮರಳಿಗೆ ಇಳಿದದ್ದೇ ಬೈಕು ಗೂಟ ಕಿತ್ತ ಕರುವಿನ ಹಾಗೆ ಕುಣಿಯಲು ಶುರುಮಾಡಿತು. ಸಣ್ಣ ಸಣ್ಣ ಅಲೆಗೂ ಅರ್ಬಾಬ್ ಸೀಟಿನಿಂದ ಎದ್ದು ಬೀಳುತ್ತಿದ್ದರು. ಗುಡ್ಡದ ಬುಡದಲ್ಲಿ ಹಿಂದಿನ ಚಕ್ರ ಗುಂಡಿ ತೋಡಿಕೊಂಡು ಕೂತಿತು. ನಾನೂ ಡ್ರೈವರನೂ ಹೋಗಿ ಎತ್ತಿದೆವು. ಜಪಾನಿನದೂ ಹಾಗೇ ಹುಗಿಯಿತು. ತೈವಾನಿನದು ಹುಗಿದದ್ದು ಮಾತ್ರವಲ್ಲ, ರಬ್ಬರು ಸುಟ್ಟ ವಾಸನೆಯನ್ನೂ ಕೊಟ್ಟಿತು. ಅರ್ಬಾಬ್ ಸೊಂಟ ಹಿಡಿದುಕೊಂಡು ನೆರಳಿಗೆ ಬಂದರು.

"ಖಲಾಸ್ ಉಸ್ತಾದ್. ನನ್ನ ಅಜ್ಜನ ಒಂಟೆ ಇದಕ್ಕಿಂತ ಮೆತ್ತಗಿತ್ತು. ಮೂರನ್ನೂ ವಾಪಸು ಕೊಡು."

ಅಷ್ಟೇ. ಚಾಪೆಯ ಮೇಲೆ ಮಲಗಿ ಬೆನ್ನು ಚಾಚಿದರು. ನಾನು ತೈವಾನಿನ ಬೈಕಿಗೆ ಒರಗಿ ಮರಳಲ್ಲೇ ಕೂತೆ. ಊರಿಗೆ ಹೋದರೆ ಹೆಂಡತಿ ಇದ್ದಾಳೆ, ಮಗ ಇದ್ದಾನೆ, ಅನ್ನಕ್ಕೇನೂ ಕೊರತೆಯಿಲ್ಲ. ಆದರೆ ಈ ಮಗುವೂ ಇನ್ನು ಫೋನಿನಲ್ಲಿ ಬೆಳೆಯುತ್ತದೆ ಅಂತ ಅನ್ನಿಸಿತು.

ಮಗುವಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಬೈಕಿನಿಂದ ಬೈಕಿಗೆ ಹೋಗಿ ಅಂಟಿಸಿದ್ದ ಚೀಟಿಗಳನ್ನು ಓದುತ್ತಿದ್ದಳು. ಡ್ರೈವರ್ ಅವಳನ್ನು ಎತ್ತಿ ಸೀಟಿನ ಮೇಲೆ ಕೂರಿಸಲು ಹೋದರೆ, "ನೋ! ಅಂಡರ್ ಸಿಕ್ಸ್‌ಟೀನ್ ನಾಟ್ ಅಲೌಡ್!" ಅಂತ ಕೂಗಿ ಕಾಲು ಎಳೆದುಕೊಂಡಳು.

"ಪೊಲೀಸ್ ಆಗ್ತಾಳೆ ಅಣ್ಣ ಇವಳು," ಅಂದ ಅವನು.

ಆಮೇಲೆ ನಾನು ಒರಗಿದ್ದ ಬೈಕಿನ ಹತ್ತಿರ ಬಂದು ಮಂಡಿಯೂರಿ ಓದಿದಳು. "ಅಜ್ಜ, ಟಯರ್ ಪ್ರೆಶರ್, ಫೋರ್. ಪಿ ಎಸ್ ಐ. ವಾಟ್ ಈಸ್ ದಟ್?"

"ಫಾರ್ಟಿ ಇರಬೇಕು ಮಗ."

"ನೋ ಅಜ್ಜ. ಫೋರ್. ಸೀ!"

ನನಗೆ ಇಂಗ್ಲಿಷು ಬಾರದು, ಅಂಕೆ ಬರುತ್ತದೆ. ಕನ್ನಡಕ ಹಾಕಿ ನೋಡಿದೆ. ನಾಲ್ಕು. ಜಪಾನಿನದರ ಹತ್ತಿರ ಓಡಿದೆ. ಅದಕ್ಕೂ ನಾಲ್ಕು. ಅಮೆರಿಕದ್ದಕ್ಕೆ ಐದು. ನಮ್ಮ ಗ್ಯಾರೇಜಿನ ಗೇಜು ಲಾರಿಗೆ ಮಾಡಿದ್ದು, ಅದರ ಅಂಕೆ ಶುರುವಾಗುವುದೇ ಹತ್ತರಿಂದ. ಮುಳ್ಳು ಅಲುಗದ್ದು ಅದಕ್ಕೆ. ಶೋರೂಮಿನವರು ಗಾಳಿ ಸರಿಯಾಗಿಯೇ ಹಾಕಿದ್ದರು. ಹಾಳು ಮಾಡಿದ್ದು ಇಪ್ಪತ್ತಾರು ವರ್ಷದ ಉಸ್ತಾದ್!

ಡ್ರೈವರ್ ಹತ್ತಿರ ಬಂದು ಮೆಲ್ಲಗೆ ಅಂದ, "ಸುಮ್ನೆ ಗಾಳಿ ಬಿಡಿ ಅಣ್ಣ. ಸ್ಪ್ರಿಂಗು ಸರಿಮಾಡಿದೆ ಅಂತ ಹೇಳಿ. ಅರ್ಬಾಬಿಗೆ ಎಂತ ಗೊತ್ತಾಗ್ತದೆ?"

ಒಂದು ಕ್ಷಣ ಹಾಗೇ ಮಾಡೋಣ ಅನ್ನಿಸಿದ್ದು ನಿಜ. ಟಯರಿನ ಗಾಳಿ ತಿಳಿಯದ ಮೆಕ್ಯಾನಿಕ್ಕನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ಅವಳು ಓದಿದ್ದು ಸರಿಯೋ ತಪ್ಪೋ ಅಂತ ಕೇಳುವ ಹಾಗೆ. "ಸರಿ ಓದಿದೆ ಚಿನ್ನ. ಅಜ್ಜ ತಪ್ಪು ಮಾಡಿದ," ಅಂದೆ. ಹೋಗಿ ಅರ್ಬಾಬಿಗೂ ಅದನ್ನೇ ಹೇಳಿದೆ. ಕಾರಿನ ಲೆಕ್ಕದಲ್ಲಿ ಗಾಳಿ ತುಂಬಿಸಿದೆ, ಬೈಕುಗಳದ್ದೇನೂ ತಪ್ಪಿಲ್ಲ, ಇನ್ನೊಂದು ಸಲ ಹತ್ತಿ ಅಂತ.

ಅರ್ಬಾಬ್ ಎದ್ದು ಕೂತು ನನ್ನನ್ನು ನೋಡಿದರು. "ಹದಿನೆಂಟು?"

"ಹದಿನೆಂಟು."

"ನನ್ನ ಬೆನ್ನು ಹದಿನೆಂಟು ತುಂಡಾಗಿದೆ. ಈಗ ನೀನು ಹತ್ತು. ಯಲ್ಲಾ, ಹೊರಡು."

ಶೋರೂಮಿನವರು ಸೀಟಿನ ಕೆಳಗಿನ ಚೀಲದಲ್ಲಿ ಪೆನ್ನಿನಷ್ಟು ಸಣ್ಣ ಗೇಜು ಇಟ್ಟಿದ್ದರು. ಆಟದ ಸಾಮಾನು ಅಂತ ನಾನು ತೆಗೆದೂ ನೋಡಿರಲಿಲ್ಲ. ಅದನ್ನು ಹಿಡಿದು ಗಾಳಿ ಬಿಟ್ಟೆ, ಮೊಮ್ಮಗಳು ಅಂಕೆ ಓದಿದಳು. ಆಮೇಲೆ ಹತ್ತಿದೆ. ಅಯ್ಯೋ, ಹೇಗೆ ಹೇಳಲಿ! ಮಲ್ಪೆಯ ಅಳಿವೆ ದಾಟಿದ ಮೇಲೆ ಬೋಟು ಹಗುರಾಗುತ್ತದಲ್ಲ, ಹಾಗಾಯಿತು. ಅಮೆರಿಕದ್ದು ತೊಟ್ಟಿಲು. ಗುಡ್ಡ ಹತ್ತಿದ್ದೇ ಗೊತ್ತಾಗಲಿಲ್ಲ, ಆದರೆ ತುದಿಯಲ್ಲಿ ನಿಲ್ಲಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ತೈವಾನಿನದು ಮೆತ್ತಗೆ, ಸುಖವಾಗಿ ಹೋಯಿತು. ಎರಡನೇ ಗುಡ್ಡಕ್ಕೆ ಬೆಲ್ಟು ಮತ್ತೆ ವಾಸನೆ ಹೊಡೆಯಿತು. ಜಪಾನಿನದು ಸಣ್ಣ ಅಲೆಗಳಲ್ಲಿ ಸ್ವಲ್ಪ ಗಡಸು, ಸೊಂಟಕ್ಕೆ ತಿಳಿಯುತ್ತದೆ. ಮರಳು ಎಷ್ಟು ಸಡಿಲ ಇದ್ದರೂ ಅದು ಗೊಣಗದೆ ಹತ್ತಿ, ಗೊಣಗದೆ ಇಳಿಯಿತು. ಅರ್ಬಾಬೂ ಮೂರನ್ನೂ ಮತ್ತೆ ಹತ್ತಿ ಬಂದರು. ಈ ಸಲ ಸೊಂಟ ಹಿಡಿದುಕೊಳ್ಳಲಿಲ್ಲ.

"ಈಗ ಹೇಳು, ಯಾವುದು?" ಅಂದರು. ಅವರ ಕಣ್ಣು ಅಮೆರಿಕದ್ದರ ಮೇಲಿತ್ತು.

"ಕೂರಲು ಅದೇ ಸುಖ," ಅಂದೆ. "ಆದರೆ ಬಾಡಿಗೆಗೆ ಬರುವವರು ಇದನ್ನು ಮೊದಲ ಸಲ ಹಿಡಿಯುವವರು. ಆ ಇಂಜಿನು ಅವರ ಮಾತು ಕೇಳುವುದಿಲ್ಲ. ತೈವಾನಿನದಕ್ಕೆ ಅಗ್ಗ ಅಂತ ಹೋದರೆ ವಾರಕ್ಕೊಂದು ಬೆಲ್ಟು. ಇಪ್ಪತ್ತು ನಿಮಿಷ ಸೊಂಟ ನೋಯುವುದನ್ನು ಜನ ಮರೆಯುತ್ತಾರೆ, ಹೆಂಡತಿ ಮಕ್ಕಳ ಎದುರು ಹುಗಿದು ನಿಂತದ್ದನ್ನು ಮರೆಯುವುದಿಲ್ಲ. ಜಪಾನಿನದು ತೆಗೆದುಕೊಳ್ಳಿ. ಅದು ಕೆಡುವುದು ಕಡಿಮೆ."

ಡ್ರೈವರ್ ತಲೆಗೆ ಕೈ ಹೊತ್ತು ಕನ್ನಡದಲ್ಲಿ ಅಂದ, "ನಿಮ್ಮ ಹೊಟ್ಟೆಗೆ ನೀವೇ ಕಲ್ಲು ಹಾಕಿದ್ರಿ ಮಾರಾಯ್ರೆ!"

ಅರ್ಬಾಬೂ ಅದನ್ನೇ ಕೇಳಿದರು. "ಕೆಡದಿದ್ದರೆ ನೀನು ಯಾತಕ್ಕೆ?"

ನಾನು ಟಯರಿನ ಕಡೆ ಕೈ ತೋರಿಸಿದೆ. "ಗಾಳಿ ನೋಡಲಿಕ್ಕೆ," ಅಂದುಬಿಟ್ಟೆ.

ಅವರು ನಕ್ಕರು. ಗಡ್ಡ ಅಲುಗುವಷ್ಟು ನಕ್ಕರು. ನಕ್ಕು ಮುಗಿಸಿ ನನ್ನ ಭುಜಕ್ಕೆ ತಟ್ಟಿ, "ಗಾಳಿ ಇವಳು ನೋಡುತ್ತಾಳೆ," ಅಂತ ಮೊಮ್ಮಗಳನ್ನು ತೋರಿಸಿದರು. "ನೀನು ಸುಳ್ಳು ಹೇಳದೆ ಬೈಕು ನೋಡು. ಜಪಾನಿನದೇ ಆರು ಬರೆಸುತ್ತೇನೆ. ನಾಳೆ ಎರಡು ಫೋಟೋ ತಾ, ಕಾರ್ಡಿನ ಕಾಗದಕ್ಕೆ ಬೇಕು."

ನಾಳೆಯವರೆಗೆ ಯಾರು ಕಾಯುತ್ತಾರೆ? ಹಿಂದೆ ಬರುವಾಗ ಸಂಜೆ ಇಬ್ರಾದಲ್ಲಿ ಒಂದು ಫೋಟೋ ಸ್ಟುಡಿಯೋ ಕಂಡಿತು. ಪಿಕಪ್ಪು ನಿಲ್ಲಿಸು ಅಂದೆ. ಮರಳು ಮೆತ್ತಿದ ಅಂಗಿಯಲ್ಲೇ ಸ್ಟೂಲಿನ ಮೇಲೆ ಕೂತೆ. ಸ್ಟುಡಿಯೋದವ, "ಬಾಯಿ ಮುಚ್ಚಿ, ಸರಕಾರದ ಕಾಗದಕ್ಕೆ ನಗು ಆಗುವುದಿಲ್ಲ" ಅಂದ. ಮುಚ್ಚಿದೆ. ಕ್ಲಿಕ್ ಅನ್ನುವ ಹೊತ್ತಿಗೆ ತಾನಾಗಿ ತೆರೆಯಿತು. ಇನ್ನೊಂದು ಸಲ, ಹಾಗೇ. ಮೂರನೇ ಸಲಕ್ಕೆ ಅವನಿಗೆ ಸಿಟ್ಟು ಬಂತು.

"ಅಜ್ಜ, ಥಿಂಕ್ ಸಮ್‌ಥಿಂಗ್ ಸ್ಯಾಡ್," ಅಂದಳು ಮೊಮ್ಮಗಳು, ಕ್ಯಾಮೆರಾದ ಪಕ್ಕದಲ್ಲಿ ನಿಂತು.

ತುಂಬ ಹುಡುಕಿದೆ. ಒಂದೂ ಸಿಕ್ಕಲಿಲ್ಲ. ಐದನೇ ಸಲ ಡ್ರೈವರ್ ಬಾಗಿಲಲ್ಲಿ ನಿಂತು, "ಅಣ್ಣ, ಟ್ರೇಲರಿಂದ ಅಮೆರಿಕದ್ದು ಬಿತ್ತು!" ಅಂತ ಸುಳ್ಳೇ ಕೂಗಿದ ಮೇಲೆ ನನ್ನ ಬಾಯಿ ಮುಚ್ಚಿತು, ಕಣ್ಣು ಮಾತ್ರ ದೊಡ್ಡದಾಯಿತು. ಅದೇ ಫೋಟೋ ನನ್ನ ಕಾಗದಕ್ಕೆ ಹೋದದ್ದು. ನಕ್ಕ ನಾಲ್ಕನ್ನು ಸ್ಟುಡಿಯೋದವ ಎಸೆಯಲು ಹೋದಾಗ ಮಗು ಕೇಳಿ ಇಸಿದುಕೊಂಡು, ಒಂದೊಂದರ ಹಿಂದೆಯೂ ಪೆನ್ನಿನಲ್ಲಿ 'ಅಜ್ಜ' ಅಂತ ಕನ್ನಡದಲ್ಲಿ ಬರೆದಳು.