ಎರಡು ಒಲೆ, ಒಂದು ವಾರ

ನಾನು ಭಾನುವಾರ ಸಂಜೆಯೇ ಕೂತು ಶನಿವಾರದ ಸಾರು ಯಾವುದೆಂದು ಗೊತ್ತು ಮಾಡುವ ಪೈಕಿ. ಇದನ್ನು ಹೇಳಿಕೊಳ್ಳಲು ಮೊದಲು ಹೆಮ್ಮೆಯಿತ್ತು, ನಡುವೆ ಸ್ವಲ್ಪ ಕಾಲ ಅಂಜಿಕೆಯಿತ್ತು, ಈಗ ಎರಡೂ ಇಲ್ಲ. ಕೆಲವರಿಗೆ ಊಟವಾದ ಮೇಲೆ ಅಡಿಕೆ ಬೇಕು, ನನಗೆ ಊಟಕ್ಕೆ ಆರು ದಿನ ಮೊದಲೇ ಅದರ ಹೆಸರು ಬೇಕು. ಅಷ್ಟೇ ವ್ಯತ್ಯಾಸ.

ಗೌರಿಬಿದನೂರಿನಲ್ಲಿ ನಮ್ಮದು ಮಹಡಿ ಮನೆ. ಕೆಳಗೆ ಭಾವ ಮತ್ತು ಅವರ ಹೆಂಡತಿ ಸರೋಜಕ್ಕ. ಮೇಲೆ ನಾನು, ನನ್ನ ಗಂಡ, ಮಗಳು. ಅತ್ತೆ ಮಲಗುವುದು ಕೆಳಗೆ, ಟೀವಿ ನೋಡುವುದು ಮೇಲೆ. ಭಾವನದು ಬೀಜ, ಗೊಬ್ಬರದ ಅಂಗಡಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬಹಳ ವರ್ಷ ಇಡೀ ಮನೆಗೆ ಕೆಳಗಿನ ಅಡುಗೆಮನೆ ಒಂದೇ. ಅಲ್ಲಿ ನಡೆಯುತ್ತಿದ್ದದ್ದು ಸರೋಜಕ್ಕನ ಕೈ. ನಾನು ಸೊಪ್ಪು ಬಿಡಿಸುವವಳು, ಕಾಯಿ ತುರಿಯುವವಳು, ಅಪರೂಪಕ್ಕೆ ಮುದ್ದೆ ಕಟ್ಟಿ ಎಲ್ಲರನ್ನೂ ನಗಿಸುವವಳು.

ಸರೋಜಕ್ಕ ಬೆಳಿಗ್ಗೆ ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ನಿಂತು, ಇವತ್ತು ಏನು ಸಾರು ಮಾಡೋದು ಎಂದು ಎಲ್ಲರನ್ನೂ ಕೇಳುತ್ತಿದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ. ತರಕಾರಿ ಬುಟ್ಟಿಯನ್ನು ಒಮ್ಮೆ, ಆಕಾಶವನ್ನು ಒಮ್ಮೆ ನೋಡಿ ಒಳಗೆ ಹೋದರೆ ಮುಗಿಯಿತು. ಮೋಡ ಕವಿದ ದಿನ ಹುರುಳಿ ಸಾರು, ಬಿಸಿಲಿನ ದಿನ ಮಜ್ಜಿಗೆ ಹುಳಿ. ಇದರಲ್ಲೂ ಒಂದು ಶಾಸ್ತ್ರವಿದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಟೈಮ್ ಟೇಬಲ್ ಹಾಕುವ ಕೆಲಸ ನನಗೇ ಬೀಳುತ್ತದೆ. ಒಂದೇ ಪಿರಿಯಡ್ಡಿಗೆ ಇಬ್ಬರು ಮೇಷ್ಟ್ರು ಜಗಳವಾಡದಂತೆ ಕೂರಿಸಬಲ್ಲವಳಿಗೆ ಬೇಳೆ, ಸೊಪ್ಪುಗಳನ್ನು ಕೂರಿಸುವುದು ಎಷ್ಟರ ಮಾತು ಎಂದುಕೊಂಡೆ. ಸರೋಜಕ್ಕನ ತಲೆಭಾರವೂ ಕಮ್ಮಿಯಾಗುತ್ತದೆ ಎಂಬ ಸದುದ್ದೇಶ ಬೇರೆ. ಒಂದು ಭಾನುವಾರ ಸೋಮವಾರಕ್ಕೆ ಬಸ್ಸಾರು, ಮಂಗಳವಾರಕ್ಕೆ ಮಸ್ಸೊಪ್ಪು ಎಂದು ಬಣ್ಣದ ಪೆನ್ನಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಸರೋಜಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪೂರ್ತಿ ಓದಿದರು.

"ಇಷ್ಟ್ ವರ್ಷ ನಾನ್ ಯಾರ್ನೂ ಉಪವಾಸ ಕೆಡವಿಲ್ಲ ಕಣಮ್ಮ" ಎಂದರು.

ಆ ವಾರವೆಲ್ಲ ನಾನು ಬರೆದಂತೆಯೇ ಮಾಡಿದರು, ಒಂದು ಕಾಳೂ ಆಚೀಚೆಯಾಗದಂತೆ. ಅದೇ ತಡೆಯಲಾಗದ್ದು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಸ್ವಲ್ಪ ದಿನಕ್ಕೆ ಅಣ್ಣತಮ್ಮಂದಿರಿಬ್ಬರೂ ಸೇರಿ, ಮೇಲೂ ಒಂದು ಸ್ಟೌ ಇದ್ದರೆ ಎಲ್ಲರಿಗೂ ಅನುಕೂಲ ಎಂದು ಬಹಳ ಮೆತ್ತಗೆ ಹೇಳಿದರು. ನಮ್ಮ ಕಡೆ ಹೊಲ ಭಾಗವಾಗುವಾಗ ಕೂಗಾಟ ಇರುತ್ತದೆ, ಒಲೆ ಭಾಗವಾಗುವುದು ಮಾತ್ರ ಬಲು ಮರ್ಯಾದೆಯಿಂದ. ಆಮೇಲೆ ನಾನೂ ಸರೋಜಕ್ಕನೂ ನೀರು ಬಂತು, ಕರೆಂಟು ಹೋಯಿತು ಎಂಬಷ್ಟನ್ನೇ ಆಡಿಕೊಂಡು ಬದುಕಿದೆವು.

ವಾರದ ಊಟವನ್ನು ಮೊದಲೇ ಗೊತ್ತು ಮಾಡುವುದು ಈಗಿನವರ ಚಟ ಎನ್ನುವವರಿದ್ದಾರೆ. ಅವರು ಒಮ್ಮೆ ಪಂಚಾಂಗ ತೆಗೆದು ನೋಡಲಿ. ಸೋಮವಾರ ಶಿವನ ದಿನ, ಮಾಂಸವಿಲ್ಲ. ಶನಿವಾರವೂ ಇಲ್ಲ. ಏಕಾದಶಿಗೆ ಅನ್ನವೇ ಇಲ್ಲ, ಸಂಕ್ರಾಂತಿಗೆ ಎಳ್ಳು, ಯುಗಾದಿಗೆ ಒಬ್ಬಟ್ಟು. ನಮ್ಮ ಹಿರಿಯರು ವಾರದ್ದಲ್ಲ, ಇಡೀ ವರ್ಷದ ಮೆನು ಬರೆದು ಕೆಳಗೆ ದೇವರ ರುಜು ಹಾಕಿಸಿಬಿಟ್ಟಿದ್ದರು. ನನ್ನ ಕಾಗದದಲ್ಲಿದ್ದ ಕೊರತೆ ಆ ರುಜುವಿನದೇ.

ಮೇಲಿನ ಮನೆಯಲ್ಲಿ ನನ್ನ ಟೈಮ್ ಟೇಬಲ್ಲಿಗೆ ಎದುರಾಡುವವರಿರಲಿಲ್ಲ, ತರಕಾರಿಗಳನ್ನು ಬಿಟ್ಟರೆ. ಹೀರೇಕಾಯಿಯ ದಿನ ಅಂಗಡಿಯಲ್ಲಿ ಹೀರೇಕಾಯಿ ಇರುತ್ತಿರಲಿಲ್ಲ. ಟೊಮೆಟೊ ಸಾರಿನ ದಿನ ಮಂಡಿಕಲ್ ಕಡೆಯಿಂದ ನಮ್ಮ ಶಾಲೆಗೆ ಬರುವ ಹುಡುಗಿಯೊಬ್ಬಳ ತಂದೆ ಪ್ರೀತಿಯಿಂದ ಒಂದು ಚೀಲ ಅವರೆಕಾಯಿ ಕೊಟ್ಟು ಹೋದರು. ನಾನು ನಿಯಮದಂತೆ ಅದನ್ನು ಫ್ರಿಜ್ಜಿನಲ್ಲಿಟ್ಟು ಟೊಮೆಟೊ ಸಾರನ್ನೇ ಮಾಡಿದೆ. ಅದೇ ಸಂಜೆ ಕೆಳಗಿನಿಂದ ಹಿತಕಿದ ಅವರೆಬೇಳೆ ಸಾರಿನ ಘಮ ಯಾರ ಅಪ್ಪಣೆಯನ್ನೂ ಕೇಳದೆ ಮೆಟ್ಟಿಲು ಹತ್ತಿ ಬಂತು. ನನ್ನ ಗಂಡ ಸ್ಕೂಟರಿನ ಇನ್ಶೂರೆನ್ಸ್ ವಿಚಾರ ಅಣ್ಣನನ್ನು ಕೇಳಿ ಬರುತ್ತೇನೆಂದು ಇಳಿದು ಹೋದರು. ವಾಪಸ್ಸು ಬಂದಾಗ ಇನ್ಶೂರೆನ್ಸು ಅವರ ಬೆರಳಲ್ಲೆಲ್ಲ ಘಮ್ಮೆನ್ನುತ್ತಿತ್ತು.

ಕೆಳಗೂ ಸುಖವಿರಲಿಲ್ಲ. ಅತ್ತೆಯ ತವರು ಹಿಂದೂಪುರದ ಕಡೆ. ಮುಖ್ಯವಾದ ಸುದ್ದಿಗಳನ್ನೆಲ್ಲ ಅವರು ತೆಲುಗಿನಲ್ಲೇ ಹೇಳುತ್ತಾರೆ. "ಕಿಂದ ಶಾನಾ ಮಿಗಿಲಿಂದಮ್ಮಾ" ಎಂದು ಆಗಾಗ ಬಂದು ವರದಿ ಒಪ್ಪಿಸುತ್ತಿದ್ದರು, ಕೆಳಗೆ ಬಹಳ ಉಳಿದಿದೆ ಎಂದು. ಆರು ಜನಕ್ಕೆ ಪಳಗಿದ ಕೈ ಮೂರು ಜನಕ್ಕೆ ತಗ್ಗುತ್ತಿರಲಿಲ್ಲ. ನಿನ್ನೆಯದನ್ನು ಇವತ್ತು, ಇವತ್ತಿನದನ್ನು ನಾಳೆ ಬಿಸಿ ಮಾಡಿ ಮಾಡಿ ಸರೋಜಕ್ಕನಿಗೆ ಅಡುಗೆಯ ಮೇಲಿನ ಆಸೆಯೇ ಹೋಗುತ್ತಿದೆ ಎಂಬುದೂ ಅತ್ತೆಯ ವರದಿಯಲ್ಲಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಭಾವ ಅಂಗಡಿಯಲ್ಲಿ ಕಣ್ಣು ಕತ್ತಲೆ ಬಂದು ಗೊಬ್ಬರದ ಮೂಟೆಯ ಮೇಲೆ ಕುಸಿದು ಕೂತರು. ನನ್ನ ಗಂಡ ಅವರನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಸಕ್ಕರೆ ವಿಪರೀತ ಏರಿತ್ತು. ಡಾಕ್ಟರು ಮಾತ್ರೆ ಬರೆದು, ಅನ್ನ ತಗ್ಗಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿ, ವಾರದಲ್ಲಿ ಏನೇನು ತಿನ್ನುತ್ತೀರೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ ಎಂದರಂತೆ.

ಅವತ್ತು ಸಂಜೆ ಸರೋಜಕ್ಕ ಮೇಲೆ ಬಂದರು. ಒಲೆ ಬೇರೆಯಾದ ಮೇಲೆ ಅವರು ನನ್ನ ಅಡುಗೆಮನೆಗೆ ಬಂದದ್ದು ಅದೇ ಮೊದಲು. ಕೂರಿ ಅಂದರೆ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಫ್ರಿಜ್ಜಿನ ಮೇಲಿದ್ದ ನನ್ನ ವಾರದ ಕಾಗದವನ್ನು ನೋಡಿದರು.

"ಗೀತಾ, ನಂಗೂ ಒಂದ್ ಹಂಗೇ ಬರ್ಕೊಡಮ್ಮ. ಅವ್ರಿಗೆ ಯಾವತ್ತು ಏನ್ ಹಾಕ್ಬೇಕೋ ತಿಳೀತಿಲ್ಲ. ಪಾತ್ರೆಗೆ ಕೈ ಹಾಕಕ್ಕೇ ಭಯ ಆಗುತ್ತೆ."

ಚಮಚವಿಲ್ಲದೆ ಉಪ್ಪು ಹಾಕುವ ಕೈ ಅದು. ಅದಕ್ಕೇ ಈಗ ಭಯ. ಗೆದ್ದೆ ಎಂದು ಒಂದು ಕ್ಷಣಕ್ಕೂ ಅನ್ನಿಸಲಿಲ್ಲ.

"ಬರೀತೀನಿ ಅಕ್ಕ" ಎಂದೆ. "ಆದ್ರೆ ಅನ್ನ ಕಮ್ಮಿ ಅಂತ ಬರೆಯೋದಷ್ಟೇ ನಂಗೆ ಬರೋದು. ಕಮ್ಮಿ ಆಗಿರೋದು ಭಾವಂಗೆ ಗೊತ್ತಾಗ್ದಂಗೆ ಬಡಿಸೋದು ನಂಗೆ ಬರಲ್ಲ. ಅದನ್ನ ನೀವೇ ಹೇಳ್ಬೇಕು."

ಸರೋಜಕ್ಕ ಸ್ಟೂಲು ಎಳೆದುಕೊಂಡು ಕೂತರು.

ಅವತ್ತು ನಾನು ಕಲಿತದ್ದು ಇಷ್ಟು. ನಾನು ವಾರ ನೋಡಿ ತರಕಾರಿ ಹುಡುಕುತ್ತಿದ್ದೆ. ಅವರು ತರಕಾರಿಯ ಮುಖ ನೋಡಿ ವಾರ ಗೊತ್ತು ಮಾಡುತ್ತಿದ್ದರು. ಸೊಪ್ಪಿಗೆ ಮೊದಲ ದಿನ, ಬೀನ್ಸಿಗೆ ಎರಡನೆಯದು, ಬದನೆಕಾಯಿ ಒಂದಿಷ್ಟು ತಡೆಯುತ್ತದೆ, ಕುಂಬಳಕಾಯಿಗೆ ಯಾವ ಆತುರವೂ ಇಲ್ಲ. ತಟ್ಟೆಗೆ ಮೊದಲು ಪಲ್ಯ ಬಿದ್ದು ಅರ್ಧ ಹೊಟ್ಟೆ ತುಂಬಿದ ಮೇಲೆ ಅನ್ನ ಬಂದರೆ ಗಂಡಸರು ಲೆಕ್ಕ ಹಾಕುವುದಿಲ್ಲ. ನನ್ನ ಪಾಲಿಗೆ ಉಳಿದದ್ದು ಹೊತ್ತು, ಅಳತೆ, ಮತ್ತು ಯಾವುದೂ ಮರೆಯದಂತೆ ನೋಡಿಕೊಳ್ಳುವುದು. ಬರೆಯುತ್ತ ಹೋದಂತೆ ಎರಡು ಮನೆಗೆ ಎರಡು ಮೆನು ಯಾಕೆ ಎಂದು ಇಬ್ಬರಿಗೂ ಅನ್ನಿಸಿತು. ಸಾರು ಕೆಳಗೆ, ಪಲ್ಯ ಮತ್ತು ಬೆಳಗಿನ ತಿಂಡಿ ಮೇಲೆ ಎಂದಾಯಿತು. ಒಲೆಗಳನ್ನು ಒಂದು ಮಾಡುವ ಮಾತನ್ನು ಅತ್ತೆ ಎತ್ತಿದಾಗ ಸರೋಜಕ್ಕ, ಒಂದು ಕೆಟ್ಟರೆ ಇನ್ನೊಂದಿರುತ್ತದೆ, ಎರಡೂ ಇರಲಿ ಎಂದರು. ನಾನೂ ತಲೆಯಾಡಿಸಿದೆ. ಅಷ್ಟು ದೂರ ಇದ್ದರೇನೇ ಚೆಂದ.

ಈಗ ಪ್ರತಿ ಭಾನುವಾರ ಸಂಜೆ ಸಭೆ ಸೇರುತ್ತದೆ. ಭಾವ ತೀರ್ಪಿಗೆ ಕಾಯುವವರಂತೆ ಮೂಲೆಯಲ್ಲಿ ಕೂತಿರುತ್ತಾರೆ. ಚಿತ್ರಾನ್ನಕ್ಕೆ ಅರ್ಜಿ ಹಾಕುತ್ತಾರೆ, ಒಂದು ಹಿಡಿ ಮಂಜೂರಾಗುತ್ತದೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಹುರುಳಿ ಕಾಳಿನ ಮಹಿಮೆ ಎಂದರು ಸರೋಜಕ್ಕ. ಟೈಮ್ ಟೇಬಲ್ ಎಂದೆ ನಾನು. ಬೆಳಗಿನ ವಾಕಿಂಗು ಎಂದರು ಭಾವ. ಡಾಕ್ಟರು ಮಾತ್ರೆ ಎಂದರಂತೆ. ಎಲ್ಲರಿಗೂ ಒಂದೊಂದು ಪಾಲು ಸಿಕ್ಕಿದ್ದರಿಂದ ಯಾರೂ ವಾದ ಮಾಡಲಿಲ್ಲ.

ಹೋದ ಭಾನುವಾರ ಬುಧವಾರದ ಸರದಿ ಬಂದಾಗ ಸರೋಜಕ್ಕ ನನ್ನ ಕೈ ತಡೆದರು. ಅವತ್ತು ಚಿಂತಾಮಣಿಯಿಂದ ಅವರ ಅಣ್ಣ ಬರುವವರಿದ್ದರು. ತೋಟದಿಂದ ಏನು ತರುತ್ತಾರೋ ಗೊತ್ತಿಲ್ಲ, ತಂದದ್ದನ್ನು ನೋಡಿ ಮಾಡೋಣ, ಖಾಲಿ ಬಿಡು ಎಂದರು. ಖಾಲಿ ಪಿರಿಯಡ್ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಆದರೂ ಪೆನ್ನನ್ನು ಗುರುವಾರದ ಮೇಲೆ ಇಟ್ಟೆ.

ಮೂಲೆಯಲ್ಲಿದ್ದ ಭಾವನ ಮುಖ ಅರಳಿತು. ಬುಧವಾರ ಏನೂ ಬರೆದಿಲ್ಲವಲ್ಲ, ಹಾಗಾದರೆ ಅವತ್ತು ಅನ್ನಕ್ಕೆ ಅಳತೆ ಇಲ್ಲ ತಾನೇ ಎಂದು ಕೇಳಿದರು.

ಸರೋಜಕ್ಕನೂ ನಾನೂ ಒಟ್ಟಿಗೇ "ಇದೆ" ಎಂದೆವು.