ಭಾಗಮ್ಮನ ಬೀಗರ ಪದ

ಜಾವಳಿ ಕಡೆ ಮದುವೆಯೆಂದರೆ ಗಂಡಿನ ಕಡೆಯವರನ್ನು ಕಿಚಾಯಿಸುವ ಪದ ಭಾಗಮ್ಮನದೇ ಆಗಬೇಕು. ಓದು ಬರಹ ಬಾರದು. ಕಣ್ಣು ಮಾತ್ರ ಬಲು ಚುರುಕು. ನಿಶ್ಚಿತಾರ್ಥದ ದಿನ ಮಜ್ಜಿಗೆ ಬಡಿಸುವ ನೆಪದಲ್ಲಿ ಬೀಗರ ಪಂಕ್ತಿಯಲ್ಲಿ ಓಡಾಡಿ, ಯಾರು ಏನು ಮಾಡಿದರೆಂದು ನೋಡಿಟ್ಟುಕೊಳ್ಳುತ್ತಾಳೆ. ಮದುವೆಯ ದಿನ ಅದೇ ಪದವಾಗುತ್ತದೆ. ಮೂವತ್ತು ವರ್ಷದಿಂದ ಅವಳ ಹಿಂದೆ ಸಾಲು ಎತ್ತಿಕೊಂಡು ಹಾಡುವವಳು ಪಕ್ಕದ ಮನೆಯ ಪಾಪಮ್ಮ. ಪದಕ್ಕೆ ಸಿಕ್ಕಿಬಿದ್ದ ಬೀಗ ಎದ್ದು ಬಂದು ಕೈಯಾರೆ ವೀಳ್ಯ ಕೊಡಬೇಕು. ಎರಡು ಎಲೆ, ಒಂದು ಅಡಿಕೆ. ಅಷ್ಟಕ್ಕೇ ಅವಳು ಹಾಡುವುದು.

ಈ ಸಲ ಮದುಮಗಳ ಅಣ್ಣ ಪ್ರಶಾಂತ್ ಮದುವೆಗೆ ಮೊದಲೇ ಅವಳ ಮನೆಗೆ ಬಂದಿದ್ದ. "ದೊಡ್ಡಮ್ಮ, ಬೀಗರ ಹೆಸರು ಹೇಳಿದ್ರೆ ಸಾಕು, ಫೋನೇ ಪದ ಕಟ್ಟಿಕೊಡುತ್ತೆ. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ?"

"ಅದು ಬಂದು ಮಜ್ಜಿಗೆ ಬಡಿಸಿತ್ತೇನೋ ಮಾರಾಯ?" ಎಂದು ಭಾಗಮ್ಮ ಅವನನ್ನು ಸಾಗಹಾಕಿದಳು.

ಕಳಸದ ಛತ್ರದಲ್ಲಿ ಮದುವೆ. ಅವಳು ಪದ ಎತ್ತಿದ್ದು ಸಂಸೆಯಿಂದ ಬಂದ ವರನ ಸೋದರಮಾವ ಸುಬ್ಬಣ್ಣನ ಮೇಲೆ:

"ಸಂಸೆಯ ಬೀಗರು ಕಡುಬು ಸಾಕೆಂದರು,
ಕೋಟಿನ ಜೇಬಿಗೆ ಹಸಿವೆಂದರು."

ಛತ್ರವೆಲ್ಲ ಬಿದ್ದು ಬಿದ್ದು ನಕ್ಕಿತು. ಸುಬ್ಬಣ್ಣನ ಮುಖ ಕಪ್ಪಿಟ್ಟಿತು. "ಈಗ ಎಲ್ಲ ಕಡೆ ಫೋನೇ ಪದ ಕಟ್ಟೋದು. ಫೋನಿಗೆ ಯಾರು ವೀಳ್ಯ ಕೊಡ್ತಾರೆ?" ಎಂದ. ನಿಶ್ಚಿತಾರ್ಥದ ಊಟದಲ್ಲಿ ತಾನೇ ಜೇಬಿಗೆ ಕಡುಬು ಇಳಿಸಿದ್ದು ಆ ಮಹಾನುಭಾವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೂ ಜನ ಅವನ ಮಾತಿಗೇ ತಲೆಯಾಡಿಸಿದರು. "ಕಿವೀಲೇನಾದ್ರೂ ಸಿಕ್ಕಿಸ್ಕೊಂಡಿದ್ದೀರಾ, ತೋರಿಸಿ ನೋಡೋಣ" ಅಂತಲೂ ಸುಬ್ಬಣ್ಣ ಅಂದುಬಿಟ್ಟ.

ಅರವತ್ತು ದಾಟಿದ ಹೆಂಗಸು ಅಷ್ಟು ಜನರೆದುರು ತಲೆಯ ಸೆರಗು ಸರಿಸಿ ಎರಡೂ ಕಿವಿ ತೋರಿಸಿದಳು. ನಿಂತಲ್ಲೇ ಇನ್ನೊಂದು ಕಟ್ಟಿದಳು:

"ಕಿವಿಯಲ್ಲಿ ವಯರಿಲ್ಲ, ಕೈಯಲ್ಲಿ ಫೋನಿಲ್ಲ,
ವೀಳ್ಯವ ಕೊಡಲಿಕ್ಕೆ ಮಾವಗೆ ಮನಸಿಲ್ಲ."

ಸುಬ್ಬಣ್ಣ ಏಳದೆ ಗತಿಯಿರಲಿಲ್ಲ. ಅವನು ತಂದುಕೊಟ್ಟ ವೀಳ್ಯವನ್ನು ಭಾಗಮ್ಮ ಸೆರಗೊಡ್ಡಿ ತೆಗೆದುಕೊಂಡಳು. ಯಾಕೆ ಬಿಡಬೇಕು? ಅವಳು ದುಡಿದದ್ದು.

ಊರಿಗೆ ಮರಳುವಾಗ ಜೀಪಿನಲ್ಲಿ ಪಾಪಮ್ಮ ಪಕ್ಕಕ್ಕೆ ಒತ್ತಿ ಕೂತು ಮೆಲ್ಲಗೆ ಕೇಳಿದಳು: "ಎರಡನೇದು ನಿಂದೇ ಅಕ್ಕ, ನಾನೇ ನೋಡಿದೆನಲ್ಲ. ಮೊದಲ್ನೇದು? ಕಡುಬಿನ ವಿಷಯ ನೀನು ಹೇಳಿದ್ದು, ಪದ ಕಟ್ಟಿದ್ದು ಪ್ರಶಾಂತನ ಫೋನು, ಅಲ್ವಾ? ನಂಗೊಬ್ಬಳಿಗೆ ಹೇಳು, ಯಾರಿಗೂ ಬಾಯಿಬಿಡಲ್ಲ."

ಭಾಗಮ್ಮನಿಗೆ ಅಳು ನುಗ್ಗಿ ಬಂತು. ಆಣೆ ಇಟ್ಟರೂ ಇವಳು ನಂಬುವವಳಲ್ಲ ಅನ್ನಿಸಿ, ಸೆರಗಿನಲ್ಲಿದ್ದ ವೀಳ್ಯವನ್ನು ಬಿಗಿಯಾಗಿ ಗಂಟು ಹಾಕಿಕೊಂಡಳು.