ಅಡ್ಡ ಮಲಗಿಸಿದ ಬಾವಿ

ಮೊನ್ನೆ ಬೆಟಗೇರಿಯಾಗ ನಮ್ಮ ಬಾಜೂದವರು ಹೊಸ ಮನಿಗೆ ಪಾಯಾ ತೋಡಸಾಕತ್ತಿದ್ರು. ಕರಿಮಣ್ಣು ಮುಗದು ಕೆಳಗಿನ ಗರಸು ಬಂತು ನೋಡ್ರಿ, ಹಸಿ ಮಣ್ಣಿನ ತಂಪು ವಾಸನಿ ನಮ್ಮ ಬಾಗಿಲತನಕ ಬಂತು. ಚಹಾದ ಕಪ್ಪು ಹಿಡದು ಹಂಗ ನಿಂತುಬಿಟ್ಟೆ. ಸಿಂಗಾಪುರದಾಗ ನನ್ನ ಜೋಡಿ ಒಂದ ಖೋಲಿಯಾಗಿದ್ದ ಕಾಕಾ ನೆನಪಾದ್ರು...

ಸ್ವಂತ ಕಾಕಾ ಅಲ್ಲ. ಮುಂಡರಗಿ ಕಡೆಯವರು, ಬಾವಿ ತೋಡೂದು ಅವರ ಕಸುಬು. ಬೋರ್‌ವೆಲ್ ಬಂದ ಮ್ಯಾಲ ಬಾವಿ ಯಾರು ತೋಡಸ್ತಾರ? ಏಜೆಂಟನ ಹಿಡದು ಅಲ್ಲಿಗೆ ಬಂದು ರಸ್ತಾದ ಗಿಡಕ್ಕ ನೀರು ಹಾಕತಿದ್ರು. ನಾ ಆಗ ಲಕ್ಷ್ಮೇಶ್ವರದಾಂವ, ಅಲ್ಲಿ ಪೇಂಟರ್. ರವಿವಾರ ಇಬ್ಬರಿಗೂ ಸೂಟಿ. ಆ ಊರಾಗ ರೈಲು ಓಡೂದು ನೆಲದ ಕೆಳಗ, ಆದ್ರ ಕಾಕಾ ಎಷ್ಟ ತಡಾ ಆದ್ರೂ ಬಸ್ಸಿಗೇ ಹೋಗೋರು. ಬಾವಿ ತೋಡಿದ ಮನಷ್ಯಾ ನೆಲದಾಗ ಇಳಿಯಾಕ ಅಂಜತಾನ ಅಂತ ಖೋಲಿಯವರ ಮುಂದ ನಾ ಚಾಷ್ಟಿ ಮಾಡತಿದ್ದೆ. ಅವರು ಸುಮ್ಮನ ನಗೋರು.

ಒಂದ ರವಿವಾರ ಕೈ ಹಿಡದು ಜಗ್ಗಿಕೊಂಡ ಹೋದೆ. ಸ್ಟೇಷನ್ನಿನ ಮೆಟ್ಟಲ ತುದಿಗೆ ನಿಂತು ಕಾಕಾ ಚಪ್ಪಲಿ ಬಿಚ್ಚಿದ್ರು. ಬಾವಿಗೆ ಇಳಿಯೋರು ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಇಳೀಬೇಕಂತ. ಫಳಫಳ ಹೊಳಿಯೋ ಆ ಕಲ್ಲಿಗೂ ಹಂಗ ಮಾಡಿದ್ರು. ಸ್ಟೇಷನ್ನಿನ ಕೆಲಸದ ಹೆಣ್ಣಮಗಳೊಬ್ಬಾಕಿ ಓಡಿಬಂದು, ಬರಿಗಾಲಲೆ ಎಸ್ಕಲೇಟರ್ ಹತ್ತಬಾರದು ಅಂತ ಕೈಮಾಡಿದ್ಲು. ಕಾಕಾ ಚಪ್ಪಲಿ ಬಗಲಾಗ ಹಿಡಕೊಂಡು ಬಾಜೂದ ಕಲ್ಲಮೆಟ್ಟಲಿಗೆ ಹೊಂಟ್ರು. ನನಗ ನಾಚಿಕಿ, ನಾಕು ಮೆಟ್ಟಲ ಹಿಂದ ಉಳದೆ.

ಇಳದಷ್ಟೂ ಮುಗೀವಲ್ದು. ಒಂದ ಅಂತಸ್ತಿನ ಕೆಳಗ ಇನ್ನೊಂದು, ಅದರ ಕೆಳಗ ಮತ್ತೊಂದು, ಅಲ್ಲೂ ಹಾಡಹಗಲಿನಂಥಾ ಬೆಳಕು, ಜಾತ್ರಿಯಷ್ಟು ಮಂದಿ. ಕಾಕಾ ಗ್ವಾಡಿಗೆ ಅಂಗೈ ಹಚ್ಚಿ ನಿಂತ್ರು. ಇಷ್ಟು ಮಣ್ಣು ಯಾವ ದಾರಿಲೆ ಮ್ಯಾಲ ಹೊತ್ರು, ನೀರಿನ ಸೆಲಿ ಎಲ್ಲಿ ತಿರುವಿದ್ರು ಅಂತ ನನ್ನ ಕೇಳಿದ್ರು.

ಗಾಡಿಗೆ ಡ್ರೈವರ್ ಇರಲಿಲ್ಲ. ಮುಂದಿನ ಗಾಜಿಗೆ ಹೋಗಿ ನಿಂತ್ವಿ. ದುಂಡನ ಸುರಂಗ, ದೀಪದ ಸಾಲು, ಎಲ್ಲಾ ನಮ್ಮ ಮ್ಯಾಲ ನುಗ್ಗಿ ಬರಾಕತ್ತಿತ್ತು. ಕಾಕಾ ನನ್ನ ಮುಂಗೈ ಗಟ್ಟಿ ಹಿಡದಿದ್ರು.

“ಇದು ಅಡ್ಡ ಮಲಗಿಸಿದ ಬಾವಿನ ಐತಲೇ,” ಅಂದ್ರು. ಗಾಜಿಗೆ ಇನ್ನಷ್ಟು ಸಮೀಪ ಸರದು, “ನನ್ನ ತಮ್ಮನ ಮ್ಯಾಲ ಬಾವಿ ಕುಸೀತು. ಮ್ಯಾಲ ಹಗ್ಗಾ ಹಿಡದಾಂವ ನಾನ. ಅವತ್ತಿನಿಂದ ನೆಲದಾಗ ಇಳದಿಲ್ಲ.”

ನನ್ನ ಚಾಷ್ಟಿ ಎಲ್ಲಾ ನೆನಪಾಗಿ ಮಾರಿ ಎತ್ತಾಕ ಆಗಲಿಲ್ಲ. ನನ್ನ ನಾಚಿಕಿಯ ಖಬರ ಅವರಿಗೆ ಇರಲಿಲ್ಲ. ಕಣ್ಣು ಸುರಂಗದ ಮ್ಯಾಲಿತ್ತು. “ಮಣ್ಣು ಹಿಂಗ ನಿಲ್ಲತೈತಿ ಅನ್ನೂದು ನಮಗ ಗೊತ್ತ ಇರಲಿಲ್ಲ ನೋಡು,” ಅಂದ್ರು.

ಅವತ್ತ ಸಂಜಿತನಕ ಗಾಡಿ ಬದಲಿಸಿ ಬದಲಿಸಿ ಆ ತುದಿಯಿಂದ ಈ ತುದಿಗೆ ತಿರಗಿದ್ವಿ. ಈಗ ನಮ್ಮ ತಲಿ ಮ್ಯಾಲ ಹೊಳಿ ಹರೀತೈತಿ ಅಂತ ಒಂದ ಕಡೆ ಹೇಳಿದೆ. ಕತ್ತೆತ್ತಿ ಕಾದ್ರು. ಒಂದ ಹನಿ ಸುದ್ದಾ ಬೀಳಲಿಲ್ಲ. ಕಣ್ಣಾಗ ನೀರು ಬರೂಹಂಗ ನಕ್ರು...

ಬರೂ ರವಿವಾರ ಮತ್ತ ಕರಕೊಂಡ ಹೋಗು ಅಂದ್ರು. ಆತು ಅಂದೆ. ಆ ರವಿವಾರ ಮುಂಜಾನೆ ಜಳಕಾ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ನನ್ನ ಮಂಚದ ಬಾಜೂ ಬಂದು ಕುಂತಿದ್ರು. ನನಗ ನಿದ್ದಿ. ಮುಂದಿನ ವಾರ ನೋಡೂಣು ಕಾಕಾ ಅಂತ ಚಾದರಾ ಮುಸುಕ ಹಾಕಿದೆ. ಆ ವಾರದಾಗನ ಅವರ ಕೆಲಸದ ಪರ್ಮಿಟ್ ಮುಗದು ಕಂಪನಿಯವರು ಊರಿಗೆ ಕಳಿಸಿಬಿಟ್ರು.

ನಾ ವಾಪಸ್ ಬಂದು ಅವರ ಊರಿಗೆ ಹೋಗೂದ್ರಾಗ ಕಾಕಾ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಹೆಂಡತಿ ಕಾಕು ನನ್ನ ಮುಂದ ನೀರಿನ ತಂಬಗಿ ಇಟ್ಟು ಅಂದ್ರು, “ಎರಡ ರವಿವಾರ ನೆಲದಾಗಿನ ರೈಲು ತೋರಿಸಿದ್ಯಂತಲ್ಲೋ ಮಗಾ. ಸಾಯೂತನಕ ಅದನ್ನ ಹೇಳತಿದ್ರು.”

ಕಾಕಾ ಈಗಿಲ್ಲ. ಆ ಮನಿಗೆ ಇನ್ನೂ ಹೋಗಿಬರತೇನಿ. ಯಾರ ಕೇಳಿದ್ರೂ ಎರಡ ಸಲ ಹೋಗಿದ್ವಿ ಅಂತನ ಹೇಳತೇನಿ.